ಸೇಡಿನ ಕಥೆ ಮುಗಿಯುವುದು ಎಲ್ಲಿ?

ಮಾರತ್ತಹಳ್ಳಿಯ ಹಳಬರಿಗೆ ಸಿನಿಮಾ ಎಂದೊಡನೆ ನೆನಪಾಗುವುದು ತುಳಸಿ ಚಿತ್ರಮಂದಿರ. ಇಂದು ಉದ್ಯೋಗ ನಿಮಿತ್ತ ಉತ್ತರ ಕರ್ನಾಟಕದಿಂದ ಬಂದು ಅಲ್ಲಿ ನೆಲೆಸಿರುವ ಶರಣ ಕುಟುಂಬಗಳ ಮಕ್ಕಳು ಮಾಲ್‌ಗಳ ಪರದೆಯ ಮುಂದೆ ಕುಳಿತು, ನಾಯಕನು ಖಳನನ್ನು ಕೊಲ್ಲುವಾಗ ಶಿಳ್ಳೆ ಹಾಕುವರು. ಬೆಳಿಗ್ಗೆ ಇಷ್ಟಲಿಂಗವನ್ನು ಹಿಡಿದ ಅಂಗೈಯೇ ಸಂಜೆ ಕೊಲೆಗೆ ಚಪ್ಪಾಳೆ ತಟ್ಟುವುದೆಂದು ಹಿರಿಯರು ನೊಂದು ಸಿನಿಮಾವನ್ನೇ ನಿಂದಿಸುವರು. ಆ ನೋವು ಸಹಜವಾದರೂ ನಿಂದೆ ಪೂರ್ತಿ ಸರಿಯಲ್ಲ. ಸೇಡಿನ ಚಿತ್ರಗಳೆಲ್ಲವೂ ಒಂದೇ ಬಗೆಯವಲ್ಲ.

1968ರ 'ಜೇಡರ ಬಲೆ'ಯಲ್ಲಿ ಡಾ. ರಾಜಕುಮಾರರ ಸಿ.ಐ.ಡಿ. 999 ಹೊಡೆದಾಡಿದ್ದು ಕರ್ತವ್ಯಕ್ಕಾಗಿ, ಅಲ್ಲಿ ಹಗೆಯಿಲ್ಲ. ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿ 1981ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ 'ಅಂತ'ದ ವೇಳೆಗೆ ಕಿಚ್ಚು ನಾಯಕನ ಸ್ವಂತ ಮನೆಗೇ ಬಿದ್ದಿತ್ತು. ಅಲ್ಲಿಂದ ಮುಂದೆ ಹೊಡೆದಾಟವು ಲೆಕ್ಕ ತೀರಿಸುವ ವ್ಯವಹಾರವಾಯಿತು.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ'ಯ ಪ್ರಸಂಗವು ಇಲ್ಲಿ ವಿಚಾರಾರ್ಹ. ಮೂಲದಲ್ಲಿ ಠಾಕೂರನು ಗಬ್ಬರನನ್ನು ಮೊಳೆಯ ಪಾದರಕ್ಷೆಯಿಂದ ತುಳಿದು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನನ್ನು ಕೈಗೆತ್ತಿಕೊಳ್ಳುವುದು ಸೆನ್ಸಾರ್ ಮಂಡಳಿಗೆ ಒಪ್ಪಿಗೆಯಾಗದೆ, ಪೊಲೀಸರು ಬಂದು ಗಬ್ಬರನನ್ನು ಬಂಧಿಸುವಂತೆ ಅಂತ್ಯವನ್ನು ಬದಲಿಸಲಾಯಿತು. ಮೇಲ್ನೋಟಕ್ಕೆ ಇದು ಅಹಿಂಸೆಯ ಗೆಲುವು. ಆದರೆ ಮೂಲದ ಅಂತ್ಯದಲ್ಲಿ, ಕೊಂದು ಮುಗಿಸಿದ ಠಾಕೂರನು ಬಿಕ್ಕಿ ಬಿಕ್ಕಿ ಅಳುತ್ತಾನೆ. ಕೊಲೆಯೊಂದಿಗೆ ಆ ಅಳುವೂ ಕತ್ತರಿಗೆ ಸಿಕ್ಕಿತು. ಸೇಡು ತೀರಿದ ಮೇಲೂ ಸತ್ತ ಮನೆಮಂದಿ ಮರಳಲಿಲ್ಲ, ಕಳೆದ ಕೈಗಳು ಬೆಳೆಯಲಿಲ್ಲ ಎಂಬುದನ್ನು ಯಾವ ಪ್ರವಚನಕ್ಕಿಂತಲೂ ಚೆನ್ನಾಗಿ ಹೇಳಬಲ್ಲ ದೃಶ್ಯ ಅದಾಗಿತ್ತು.

ಈ ದೃಷ್ಟಿಯಿಂದ 2005ರ 'ಜೋಗಿ' ಮೇಲಾದ ಚಿತ್ರ. ಮಚ್ಚಿನ ಆರ್ಭಟ ಅದರಲ್ಲಿಯೂ ಬೇಕಾದಷ್ಟಿದೆ, ಬೇಕಾದುದಕ್ಕಿಂತ ಹೆಚ್ಚೇ ಇದೆ. ಆದರೂ ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದ ತಾಯಿಯ ಶವದ ಮುಂದೆ, ಅದು ಯಾರದೆಂದು ಅರಿಯದೆ ಮಗ ಕುಣಿಯುವಾಗ, ಶಿಳ್ಳೆ ಹಾಕುತ್ತಿದ್ದ ಬಾಯಿ ಮುಚ್ಚುವುದು. 2018 ಮತ್ತು 2022ರ 'ಕೆ.ಜಿ.ಎಫ್.' ಚಿತ್ರಗಳಲ್ಲಿಯೂ ತಾಯಿಯ ನೆನಪಿದೆ. ಅಲ್ಲಿ ಅದು ಬೆಂಕಿಗೆ ಸುರಿಯುವ ಎಣ್ಣೆ.

ಮಕ್ಕಳಿಗೆ ಬುದ್ಧಿ ಹೇಳಹೊರಡುವ ಹಿರಿಯರು ಕಲ್ಯಾಣದ ಕಥೆಯನ್ನೂ ಪೂರ್ತಿಯಾಗಿ ಹೇಳಬೇಕು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಮೇಲೆ ಜಗದೇವ, ಮೊಲ್ಲೆಬೊಮ್ಮಯ್ಯರು ಬಿಜ್ಜಳನನ್ನು ಕೊಂದರೆಂದು ಪರಂಪರೆ ಹೇಳುತ್ತದೆ. ಕೋಪದ ಕಿಚ್ಚನ್ನು ಕುರಿತ ಬಸವಣ್ಣನವರ ವಚನವನ್ನು ಕೇಳಿದವರ ನಡುವೆಯೇ ಇದು ನಡೆಯಿತು. ಕೆಲವರು ಇದನ್ನು ಅಭಿಮಾನದಿಂದ ಹೇಳಿ ಅಲ್ಲಿಗೇ ನಿಲ್ಲಿಸುವರು, ಥೇಟು ಸಿನಿಮಾದವರಂತೆ. ಆ ಕೊಲೆಯಿಂದ ಹರಳಯ್ಯನವರು ಮರಳಲಿಲ್ಲ. ಸೈನ್ಯ ಬೆನ್ನಟ್ಟಿತು, ಮಹಾಮನೆ ಬರಿದಾಯಿತು. ಚೆನ್ನಬಸವಣ್ಣನವರೊಡನೆ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ದಾರಿ ಹಿಡಿದರು.