ಫಿಲ್‌ಹಾರ್ಮೋನಿಯಾ ವಾದ್ಯವೃಂದವೂ ಅದರ ಪೋಷಕರೂ

ಅರಸರ ಆಶ್ರಯ ತಪ್ಪಿದೊಡನೆ ಕಲೆಯು ಅಳಿಯಿತೆಂದು ಹಲುಬುವವರು ಇಂದಿಗೂ ಉಂಟು. ಲಂಡನ್ ನಗರದ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಮೈಸೂರಿನ ಅರಸರು ಪೋಷಿಸಿದ ಸಂಗತಿಯನ್ನು ಅವರು ತಮ್ಮ ವಾದಕ್ಕೆ ಸಾಕ್ಷಿಯಾಗಿ ತರುವುದುಂಟು. ಆದರೆ ಆ ಸಾಕ್ಷಿಯ ಮಾತನ್ನು ಕೊನೆಯವರೆಗೆ ಕೇಳುವವರು ವಿರಳ; ಕೇಳಿದರೆ ಅದು ಅವರ ವಾದಕ್ಕೇ ಪ್ರತಿಕೂಲವಾಗಿ ನುಡಿಯುವುದು.

ಗ್ರಾಮಫೋನ್ ತಟ್ಟೆಗಳ ನಿರ್ಮಾಣದಲ್ಲಿ ನಿಪುಣನಾಗಿದ್ದ ವಾಲ್ಟರ್ ಲೆಗ್ ಎಂಬಾತನು 1945ರಲ್ಲಿ ಈ ವೃಂದವನ್ನು ಕಟ್ಟಿದನು. ಪಾಶ್ಚಾತ್ಯ ಸಂಗೀತದಲ್ಲಿ ಕೃತಪರಿಶ್ರಮರಾದ ಜಯಚಾಮರಾಜ ಒಡೆಯರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ನೆರವಿಗೆ ಮಾತುಕೊಟ್ಟರು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳು ಪ್ರಥಮವಾಗಿ ಕೇಳಿಬಂದುದು ಅವರ ಔದಾರ್ಯದಿಂದಲೇ. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಮುಂದೇನಾಯಿತು? 1964ರ ಮಾರ್ಚಿಯಲ್ಲಿ ಲೆಗ್ಗನು ವೃಂದವನ್ನು ನಿಲ್ಲಿಸುವುದಾಗಿ ಸಾರಿದನು. ಕಟ್ಟಿದವನು ತಾನಾದುದರಿಂದ ಕೆಡಹುವ ಅಧಿಕಾರವೂ ತನ್ನದೆಂದು ಆತನು ಬಗೆದನು. ಒಬ್ಬನ ಇಚ್ಛೆಯಿಂದ ಬದುಕುವ ಕಲೆಗೆ ಒಬ್ಬನ ಇಚ್ಛೆಯಿಂದಲೇ ಮರಣ. ಏಕಪೋಷಕತ್ವದ ಮರ್ಮವೇ ಇದು.

ಆಗ ಅದನ್ನು ಉಳಿಸಿದವರು ಯಾರು? ಅರಸರಲ್ಲ, ಧನಿಕರಲ್ಲ, ಪಿಟೀಲು, ಕೊಳಲು, ತುತ್ತೂರಿಗಳನ್ನು ಹಿಡಿದ ವಾದಕರೇ. ಅವರು ಚದುರಿಹೋಗದೆ ‘ನ್ಯೂ ಫಿಲ್‌ಹಾರ್ಮೋನಿಯಾ’ ಎಂಬ ಹೆಸರಿನಿಂದ ತಮ್ಮ ಆಡಳಿತವನ್ನು ತಾವೇ ವಹಿಸಿಕೊಂಡರು. ಬಹುಮಟ್ಟಿಗೆ ವೃತ್ತಿಗಾಯಕರಲ್ಲದ ನಾಗರಿಕರ ಗಾಯನವೃಂದವೂ ಅವರ ಜೊತೆಗೆ ನಿಂತಿತು. 79 ವರ್ಷದ ವೃದ್ಧ ನಿರ್ದೇಶಕ ಓಟೋ ಕ್ಲೆಂಪರರ್ ಅವರ ಕೈಬಿಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಇವರೆಲ್ಲರೂ ಕೂಡಿ ಬೇತೋವನನ ಒಂಬತ್ತನೆಯ ಸಿಂಫನಿಯನ್ನು ನಡೆಸಿಕೊಟ್ಟರು. 1977ರಲ್ಲಿ ಹಳೆಯ ಹೆಸರೂ ಅವರಿಗೆ ಮರಳಿ ದೊರೆಯಿತು.

ಹಣವಿಲ್ಲದೆ ವಾದ್ಯವೃಂದ ಹುಟ್ಟುವುದೇ ಎಂದು ಪ್ರತಿವಾದಿಗಳು ಕೇಳಬಹುದು. ಹುಟ್ಟದು, ದಿಟ. ಆದರೆ ಬಿತ್ತನೆಯ ಬೀಜವನ್ನು ಕೊಟ್ಟವನೇ ಪ್ರತಿವರ್ಷವೂ ಬಂದು ಹೊಲ ಉಳಲಿ ಎಂದು ಕಾಯುವ ಒಕ್ಕಲಿಗನಿಗೆ ಬೆಳೆ ದೊರೆಯುವುದೆಂತು? ದೊರೆಯ ಪೋಷಣೆಯು ಮೂರು ವರ್ಷಗಳ ಮಾತು. ವಾದಕರ ನಿಷ್ಠೆಯೂ ಕೇಳುಗರ ಕಾಸೂ ತಲೆಮಾರುಗಳ ಮಾತು.

ಅರಮನೆಯ ಕಾಲವನ್ನು ನೆನೆದು ನಿಟ್ಟುಸಿರು ಬಿಡುವ ರಸಿಕರು ಊರಿನ ಸಂಗೀತಸಭೆಗೆ ಚಂದಾ ಕೊಡುವಾಗ ಹಿಂದೆಗೆಯುವರು. ಪುಕ್ಕಟೆ ಚೀಟಿ ದೊರೆತರೆ ಮುಂದಿನ ಸಾಲಿನಲ್ಲಿಯೇ ಕುಳ್ಳಿರುವರು. ಅಂಥವರು ಅರಸರ ಔದಾರ್ಯವನ್ನು ಕೊಂಡಾಡುವುದಕ್ಕೆ ಮೊದಲು ತಮ್ಮ ಬಾಕಿಯನ್ನು ಸಲ್ಲಿಸಲಿ.