ಹೊಟ್ಟೆಯಿಂದ ಮೊಣಕಾಲಿಗೆ ಒಂದೇ ನೆಗೆತ



ಆಂಡರ್ಸನ್‌ಪೇಟೆಯಲ್ಲಿ ನಾವು ಐದಾರು ಮಂದಿ ನಿವೃತ್ತ ಶಿಕ್ಷಕ ಶಿಕ್ಷಕಿಯರು ತಿಂಗಳಿಗೊಮ್ಮೆ ಸೇರಿ ಮಾತನಾಡುವ ರೂಢಿಯನ್ನು ಇಟ್ಟುಕೊಂಡಿದ್ದೇವೆ. ಮೊನ್ನೆ ಸೇರಿದಾಗ ಮಾತು ಲೈಂಗಿಕ ಶಿಕ್ಷಣದ ಕಡೆಗೆ ಹೊರಳಿತು. ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗೆ ಈ ಶಿಕ್ಷಣ ನೀಡಲಾಗುವುದೆಂದು ಶಾಲಾ ಶಿಕ್ಷಣ ಸಚಿವರಾದ ಮಧು ಬಂಗಾರಪ್ಪನವರು 2025ರಲ್ಲಿ ಪ್ರಕಟಿಸಿದ್ದನ್ನು ಒಬ್ಬರು ನೆನಪಿಸಿದರು. ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, "ಸದ್ಯ, ಚಿಕ್ಕ ಮಕ್ಕಳನ್ನಾದರೂ ಬಿಟ್ಟರಲ್ಲ!" ಎಂದರು. ಎಲ್ಲರೂ ತಲೆದೂಗಿದರು. ನಾನು ತಲೆದೂಗಲಿಲ್ಲ. ಏಕೆಂದು ಅಲ್ಲಿ ಹೇಳುವ ಧೈರ್ಯ ಬರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಚಿನ್ನದ ಗಣಿಯ ಕಾರ್ಮಿಕರ ಮಕ್ಕಳೇ ನನ್ನ ವಿದ್ಯಾರ್ಥಿಗಳು. 1986ರ ಮಾತು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಶಾಲೆ ಬಿಟ್ಟ ಮೇಲೂ ಮನೆಗೆ ಹೋಗದೆ ಬಾಗಿಲ ಬಳಿ ನಿಂತಿರುತ್ತಿದ್ದಳು. ಮನೆಯಲ್ಲಿ ತಮಿಳು ಆಡುವ ಮಗು. ಶಾಲೆಯ ಕನ್ನಡ ಇನ್ನೂ ನಾಲಿಗೆಗೆ ಒಗ್ಗಿರಲಿಲ್ಲ. ಒಂದು ಸಂಜೆ ಕಾರಣ ಕೇಳಿದೆ. "ಟೀಚರ್, ಮಾಮ ಬೇಡದ ಕೆಲಸ ಮಾಡಿಸ್ತಾರೆ" ಎಂದಳು. ಲೈನು ಮನೆಗಳಲ್ಲಿ ಮಕ್ಕಳು ಬೀದಿ ನಲ್ಲಿಯಿಂದ ನೀರು ಹೊರುವುದು, ಪಾತ್ರೆ ಬೆಳಗುವುದು ಹೊಸತೇನಲ್ಲ. ಅಂಥದ್ದೇ ಇರಬೇಕೆಂದು ತಿಳಿದು, "ದೊಡ್ಡವರು ಹೇಳಿದ ಮಾತು ಕೇಳಬೇಕಮ್ಮ" ಎಂದು ಬುದ್ಧಿ ಹೇಳಿ ಕಳುಹಿಸಿದೆ. ಮರುವರ್ಷ ಆಕೆ ಶಾಲೆಗೆ ಬರಲಿಲ್ಲ.

ಇಪ್ಪತ್ತು ವರ್ಷಗಳ ಬಳಿಕ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಒಬ್ಬ ಹೆಂಗಸು ಬಂದು ಕೈ ಹಿಡಿದುಕೊಂಡಳು. ಗುರುತು ಹತ್ತಿತು. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಆಕೆ ಹೇಳಿದ ಒಂದು ಮಾತು ಇಂದಿಗೂ ನನ್ನ ನಿದ್ರೆ ಕೆಡಿಸುತ್ತದೆ: "ಟೀಚರ್, ನಾನು ಆವತ್ತೇ ನಿಮಗೆ ಹೇಳಿದ್ದೆ."

ಹೌದು, ಆಕೆ ಹೇಳಿದ್ದಳು. ಆದರೆ ಹೇಳಲು ಅವಳ ಬಳಿ ಪದವಿರಲಿಲ್ಲ. ಪದ ಕಲಿಸಬೇಕಾಗಿದ್ದವಳು ನಾನು. ಅಂದಿನ ಪಾಠವನ್ನು ನೆನೆಸಿಕೊಳ್ಳಿ. ಗೋಡೆಗೆ ದೇಹದ ಚಿತ್ರಪಟ ತೂಗುಹಾಕಿ, ಕೋಲು ಹಿಡಿದು ತೋರಿಸುತ್ತಿದ್ದೆ: ತಲೆ, ಕಣ್ಣು, ಕಿವಿ, ಎದೆ, ಹೊಟ್ಟೆ, ಮೊಣಕಾಲು, ಪಾದ. ಹೊಟ್ಟೆಯಿಂದ ಮೊಣಕಾಲಿಗೆ ಒಂದೇ ನೆಗೆತ! ನಡುವಿನ ಭಾಗಕ್ಕೆ ನಮ್ಮ ಶಾಲೆಯಲ್ಲಿ ಹೆಸರೇ ಇರಲಿಲ್ಲ. ಬೀದಿಯಲ್ಲಿದ್ದ ಹೆಸರು ಬೈಗುಳ; ನಿಘಂಟಿನಲ್ಲಿದ್ದ ಶಿಶ್ನ, ಯೋನಿ ಎಂಬ ಹೆಸರುಗಳು ಮಗುವಿಗೆ ಎಟುಕದವು. ಅವನ್ನು ಇಲ್ಲಿ ಬರೆಯುವಾಗಲೂ ನನ್ನ ಕೈ ಒಮ್ಮೆ ತಡೆಯಿತೆಂದರೆ, ಮಗುವಿನ ಪಾಡೇನು? ತಮಿಳು, ತೆಲುಗು, ಉರ್ದು, ಕನ್ನಡಗಳು ಬೆರೆತ ನಮ್ಮ ಕೆ.ಜಿ.ಎಫ್.ನಂಥ ಊರಿನಲ್ಲಿ ಈ ಕಷ್ಟ ನಾಲ್ಕು ಪಟ್ಟು.

ಈಗ ಆಕ್ಷೇಪಗಳನ್ನು ನೋಡೋಣ. ಮೊದಲನೆಯದು, ಇದು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬುದು. ಇದು ಇಂದಿನ ಮಾತಲ್ಲ. 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ ಮಹಾರಾಷ್ಟ್ರ, ಮಧ್ಯಪ್ರದೇಶ ಮೊದಲಾದ ರಾಜ್ಯಗಳು ಅದನ್ನು ತಿರಸ್ಕರಿಸಿದವು. ನಮ್ಮ ಕರ್ನಾಟಕವೂ ಆ ಸಾಲಿಗೆ ಸೇರಿತು. ಎಂ. ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2009ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ವರದಿ ನೀಡಿತು. ಸಂಸ್ಕೃತಿಯ ಮಾತಿಗೆ ನಮ್ಮೂರಿನದೇ ಉತ್ತರವಿದೆ. ನಮ್ಮ ಬೀದಿಗಳಲ್ಲಿ ಹುಡುಗಿ ಮೈನೆರೆದರೆ ನೀರಾಟದ ಶಾಸ್ತ್ರ ನಡೆಯುತ್ತದೆ. ಚಪ್ಪರ ಹಾಕುತ್ತಾರೆ, ಧ್ವನಿವರ್ಧಕ ಕಟ್ಟುತ್ತಾರೆ. ಈಚೆಗೆ ಹುಡುಗಿಯ ಭಾವಚಿತ್ರದ ಫ್ಲೆಕ್ಸ್ ಕೂಡ ನಿಲ್ಲಿಸುತ್ತಾರೆ. ಊರಿಗೆಲ್ಲ ಸಾರಬಹುದಾದ ಸಂಗತಿಯನ್ನು ತರಗತಿಯಲ್ಲಿ ಮೆಲುದನಿಯಲ್ಲಿ ವಿವರಿಸಿದರೆ ಸಂಸ್ಕೃತಿ ಕೆಡುತ್ತದೆಯೇ? ಇಡೀ ಲೈನಿಗೆ ಗೊತ್ತು. ತನ್ನ ಮೈಗೆ ಏನಾಯಿತೆಂದು ಹಸೆಯ ಮೇಲೆ ಕುಳಿತ ಹುಡುಗಿಗೆ ಮಾತ್ರ ಗೊತ್ತಿಲ್ಲ! ರಕ್ತ ಕಂಡು, ತನಗೇನೋ ಮಾರಿ ತಗುಲಿತೆಂದು ಶಾಲೆಯ ಶೌಚಾಲಯದಲ್ಲಿ ಅಡಗಿ ಕುಳಿತ ಐದನೆಯ ತರಗತಿಯ ಮಗುವನ್ನು ನಾನೇ ಹೊರಗೆ ಕರೆತಂದಿದ್ದೇನೆ.

ಐದನೆಯ ತರಗತಿಯಲ್ಲಿ ಆಗುವುದಕ್ಕೆ ಎಂಟನೆಯ ತರಗತಿಯಲ್ಲಿ ಪಾಠ! ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಆರಂಭವಾದ 'ಶುಚಿ' ಯೋಜನೆ ಹತ್ತು ವರ್ಷ ತುಂಬಿದ ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅಂದರೆ ಪ್ಯಾಡು ಹತ್ತನೆಯ ವಯಸ್ಸಿಗೆ, ವಿವರಣೆ ಹದಿಮೂರಕ್ಕೆ. ಇದು ಯಾವ ನ್ಯಾಯ?

ಎರಡನೆಯ ಆಕ್ಷೇಪ, ಇದು ತಂದೆತಾಯಿಯರ ಕೆಲಸ, ಶಾಲೆಯದ್ದಲ್ಲ ಎಂಬುದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮೂರಿನ ಜೀವನ ರೈಲು ಹತ್ತಿತು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋದವರು ಕತ್ತಲಾದ ಮೇಲೆ ಮನೆ ಸೇರುತ್ತಾರೆ. ನಡುವಿನ ಹೊತ್ತೆಲ್ಲ ಮಕ್ಕಳು ಅಜ್ಜಿಯ, ನೆರೆಯವರ, ಬಂಧುಗಳ ಕೈಯಲ್ಲಿ. ಆ ತಂದೆತಾಯಿಯರನ್ನು ನಾನು ದೂರುವುದಿಲ್ಲ; ಹೊಟ್ಟೆಪಾಡು. ಆದರೆ ಅವರು ಯಾವಾಗ ಕಲಿಸಬೇಕು? ಕೇಡು ಮನೆಯೊಳಗೇ ಇದ್ದರೆ ಕಲಿಸುವವರಾರು? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವರು ಗಂಡುಮಕ್ಕಳು! ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಮಗು ನಂಬಿದವರು. ಹೆಣ್ಣುಮಕ್ಕಳನ್ನು ಒಳಗೆ ಕೂರಿಸಿ, ಗಂಡುಮಕ್ಕಳನ್ನು ಆಟಕ್ಕೆ ಅಟ್ಟಿ, ವರ್ಷಕ್ಕೊಮ್ಮೆ 'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ'ದ ಭಾಷಣ ಮಾಡಿಸಿ ಫೋಟೊ ತೆಗೆಸಿಕೊಳ್ಳುವವರು ಈ ಅಂಕಿಯನ್ನು ಒಮ್ಮೆ ಓದಲಿ.

ಮೂರನೆಯದು, ಮಕ್ಕಳ ಮುಗ್ಧತೆ ಹಾಳಾಗುತ್ತದೆ ಎಂಬ ಅಂಜಿಕೆ. ಇದು ಪ್ರಾಮಾಣಿಕ ಅಂಜಿಕೆ, ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ನಾವು ಮುಗ್ಧತೆಯೆಂದು ಕರೆಯುತ್ತಿರುವುದು ಬರಿಯ ಅಜ್ಞಾನ, ಮತ್ತು ಆ ಅಜ್ಞಾನದ ಲಾಭ ಪಡೆಯುವವನು ದುಷ್ಟನೊಬ್ಬನೇ. ಒಂದನೆಯ ತರಗತಿಯ ಮಗುವಿಗೆ ದಾಂಪತ್ಯದ ಪಾಠ ಹೇಳಿರೆಂದು ಯಾರೂ ಕೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರಿನಿಂದ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ಕಡ್ಡಾಯವಾಗಿರುವುದು ಸಂಬಂಧಗಳ ಶಿಕ್ಷಣ: ಕುಟುಂಬ, ಗೆಳೆತನ, ಪರಸ್ಪರ ಗೌರವ, ಸುರಕ್ಷತೆ. ಆ ಹಂತದಲ್ಲಿ ಲೈಂಗಿಕ ಶಿಕ್ಷಣವನ್ನು ಅವರೂ ಕಡ್ಡಾಯ ಮಾಡಿಲ್ಲ.

ಹಾಗಾದರೆ ನಾನು ಬೇಡುವುದೇನು? ಒಂದು, ಎರಡನೆಯ ತರಗತಿಯಲ್ಲಿ ಮೂಗು, ಕಿವಿಗಳ ಜೊತೆಯಲ್ಲಿಯೇ ಗುಪ್ತಾಂಗಗಳಿಗೂ ನಾಚಿಕೆಯಿಲ್ಲದ ಒಂದೊಂದು ಹೆಸರು, ಅದೂ ಮಗುವಿನ ಮನೆಮಾತಿನಲ್ಲಿ. ಬೇಡವೆನ್ನಿಸಿದರೆ ಯಾರಿಗಾದರೂ 'ಬೇಡ' ಎನ್ನಬಹುದೆಂಬ ತಿಳಿವಳಿಕೆ. ಮೂರು, ನಾಲ್ಕರಲ್ಲಿ, 'ಯಾರಿಗೂ ಹೇಳಬೇಡ' ಎಂದು ದೊಡ್ಡವರು ಹೆದರಿಸಿದ್ದನ್ನೇ ಮೊದಲು ಹೇಳಬೇಕು, ಯಾರಿಗೆ ಹೇಳಬೇಕು, 1098ಕ್ಕೆ ಹೇಗೆ ಕರೆ ಮಾಡಬೇಕು ಎಂಬುದು. ಐದರಿಂದ ಏಳರವರೆಗೆ ಹುಡುಗ ಹುಡುಗಿಯರಿಬ್ಬರಿಗೂ, ಒಂದೇ ಕೋಣೆಯಲ್ಲಿ, ಬೆಳೆಯುವ ಮೈಯ ವಿವರ. ಹುಡುಗಿಯ ಜಡೆ ಎಳೆಯುವುದು ತಮಾಷೆಯಲ್ಲವೆಂಬ ಪಾಠ. ಇದನ್ನು ಹೊರಗಿನಿಂದ ಬರುವ ಭಾಷಣಕಾರರಲ್ಲ, ಮಗು ನಿತ್ಯ ಕಾಣುವ ತರಗತಿಯ ಶಿಕ್ಷಕರೇ ಹೇಳಬೇಕು. ಅದಕ್ಕೆ ಮೊದಲು ಶಿಕ್ಷಕರಿಗೆ ತರಬೇತಿ ಬೇಕು. ಡಾ. ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ' ಬರೆದು ಕನ್ನಡದಲ್ಲಿ ಈ ವಿಷಯವನ್ನು ಘನತೆಯಿಂದ ಹೇಳಬಹುದೆಂದು ತೋರಿಸಿದ್ದಾರೆ. ಆ ಭಾಷೆಯನ್ನು ಇನ್ನಷ್ಟು ಎಳೆಯರಿಗೆ ತಿಳಿಯುವಂತೆ ತಿಳಿಗೊಳಿಸುವುದು ನಮ್ಮ ಕೆಲಸ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂದು ತಿಳಿದೂ ವರದಿ ಮಾಡದಿರುವುದು ಅಪರಾಧ. ಒಳ್ಳೆಯದೇ. ಆದರೆ ಹೇಳಲು ಮಗುವಿಗೆ ಮಾತು ಕೊಡದೆ, ಕೇಳಿಸಿಕೊಳ್ಳಲು ಶಿಕ್ಷಕಿಗೆ ಕಿವಿ ಕೊಡದೆ ಬರಿಯ ಕಾನೂನು ಕೊಟ್ಟರೆ ಅದು ಯಾರನ್ನು ಕಾಪಾಡೀತು? ಲೈಂಗಿಕ ಶಿಕ್ಷಣ ಒಂಬತ್ತನೆಯ ತರಗತಿಯಿಂದಲ್ಲ, ಇನ್ನೂ ಎಳೆಯ ವಯಸ್ಸಿನಿಂದಲೇ ದೊರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2025ರ ಅಕ್ಟೋಬರಿನಲ್ಲಿ ಅಭಿಪ್ರಾಯಪಟ್ಟಿದೆ. ನಮ್ಮ ಸರ್ಕಾರ ಎಂಟನೆಯ ತರಗತಿಯ ಹೊಸ್ತಿಲಲ್ಲೇ ನಿಲ್ಲಬಾರದು.

ಮುಂದಿನ ತಿಂಗಳು ಸೇರುವಾಗ ಈ ಬರಹವನ್ನು ಗೆಳೆಯರ ಮುಂದೆ ಓದಬೇಕೆಂದಿದ್ದೇನೆ. "ಈ ವಯಸ್ಸಿನಲ್ಲಿ ಇದೆಲ್ಲ ನಿಮಗೇಕೆ ಟೀಚರ್?" ಎಂದು ಅವರು ಕೇಳಬಹುದು. ಬಂಗಾರಪೇಟೆಯ ನಿಲ್ದಾಣದಲ್ಲಿ ನನ್ನ ಕೈ ಹಿಡಿದು ನಿಂತವಳ ಮಾತನ್ನು ಅವರಿಗೂ ಹೇಳುತ್ತೇನೆ. ಆಕೆ ಒಂಬತ್ತು ವರ್ಷದವಳಿದ್ದಾಗ ನಾನು ಕಲಿಸಬೇಕಾಗಿದ್ದ ಪಾಠವನ್ನು ಎಂಟನೆಯ ತರಗತಿಗೆ ಕಾಯ್ದಿಡಲು ಆಕೆ ಎಂಟನೆಯ ತರಗತಿಗೆ ಬರಲೇ ಇಲ್ಲ.