ಕಾರಿಗೆ ವೇಗಪಾಲಕವನ್ನು ನಾವೇ ಜೋಡಿಸಬಹುದೆ?

ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿಯು 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. "ಸಾರ್, ನಮ್ಮ ಮನೆಯ ಕಾರಿನಲ್ಲಿ ಕ್ರೂಸ್ ಕಂಟ್ರೋಲ್ ಇಲ್ಲ. ಅದೇ ಮಾದರಿಯ ಹೆಚ್ಚು ಬೆಲೆಯ ಕಾರಿನಲ್ಲಿ ಇದೆ. ಅದನ್ನು ತಂದು ನಾವೇ ಜೋಡಿಸಿಕೊಳ್ಳಬಹುದೆ?" ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು ತಾನಾಗಿಯೇ ಒಂದೇ ವೇಗದಲ್ಲಿ ಸಾಗುವಂತೆ ಮಾಡುವ ಸಾಧನವೇ ಕ್ರೂಸ್ ಕಂಟ್ರೋಲ್. ಕನ್ನಡದಲ್ಲಿ ಇದನ್ನು ವೇಗಪಾಲಕವೆಂದು ಕರೆಯೋಣ.

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದಕ್ಕೆ ಹೌದೆಂದೋ ಅಲ್ಲವೆಂದೋ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸಾಧ್ಯವಿಲ್ಲ. ಜೋಡಿಸಬಹುದು, ಆದರೆ ಒಂದು ಕಟ್ಟುಪಾಡಿಗೆ ಒಳಪಟ್ಟು ಎಂಬುದು ನಮ್ಮ ಅಭಿಪ್ರಾಯ. ಆ ಕಟ್ಟುಪಾಡು ಏನು, ಏಕೆ ಎಂಬುದನ್ನು ವಿವರಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ಸಾಧನದ ಚರಿತ್ರೆ ಸ್ವಾರಸ್ಯವಾದುದು. ಇದನ್ನು ಕಲ್ಪಿಸಿದವರು ಅಮೆರಿಕದ ಇಂಡಿಯಾನ ರಾಜ್ಯದ ರಾಲ್ಫ್ ಟೀಟರ್ ಎಂಬ ಇಂಜಿನಿಯರು. ಐದನೆಯ ವಯಸ್ಸಿನಲ್ಲಿ ಅಪಘಾತವೊಂದರಿಂದ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರು 1912ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಇಂಜಿನಿಯರಿಂಗ್ ಪದವಿ ಪಡೆದರು. ತಮ್ಮ ವಕೀಲರ ಕಾರಿನಲ್ಲಿ ಕುಳಿತು ಹೋಗುವಾಗ, ಆ ಮಿತ್ರರು ಮಾತನಾಡುತ್ತಿದ್ದರೆ ಕಾರು ನಿಧಾನವಾಗುವುದನ್ನೂ, ಮಾತು ಕೇಳುತ್ತಿದ್ದರೆ ಕಾರು ಮುನ್ನುಗ್ಗುವುದನ್ನೂ ಟೀಟರ್ ಗಮನಿಸಿದರೆಂದು ಹೇಳುವುದುಂಟು. ಕಣ್ಣಿದ್ದವರು ವೇಗಮಾಪಕವನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರೇನೋ. ಟೀಟರರಿಗೆ ಆ ಎಳೆದಾಟ ಮೈಗೇ ತಟ್ಟುತ್ತಿತ್ತು. ಅವರಿಗೆ ಇದರ ಪೇಟೆಂಟ್ ದೊರೆತದ್ದು 1950ರಲ್ಲಿ. 1958ರ ಕ್ರೈಸ್ಲರ್ ಕಾರುಗಳಲ್ಲಿ ಸಾಧನವು ಮೊದಲಬಾರಿಗೆ ಮಾರಾಟಕ್ಕೆ ಬಂದಿತು.

ಒಂದೇ ವೇಗದಲ್ಲಿ ಸಾಗುವುದು ಅಷ್ಟು ಕಷ್ಟವೇನು ಎಂದು ವಾಚಕರು ಕೇಳಬಹುದು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಸುಮಾರು 1,100 ಕಿಲೋಗ್ರಾಂ ತೂಕದ ಒಂದು ಸಾಮಾನ್ಯ ಕಾರು ಗಂಟೆಗೆ 90 ಕಿ.ಮೀ. ವೇಗದಲ್ಲಿ, ಎಂದರೆ ಸೆಕೆಂಡಿಗೆ 25 ಮೀಟರಿನಂತೆ, ಸಮತಟ್ಟಾದ ರಸ್ತೆಯಲ್ಲಿ ಓಡುತ್ತಿರಲಿ. ಗಾಳಿಯ ತಡೆ ಸುಮಾರು 260 ನ್ಯೂಟನ್, ಚಕ್ರಗಳ ಉರುಳುವಿಕೆಗೆ ಬರುವ ತಡೆ ಸುಮಾರು 130 ನ್ಯೂಟನ್. ಎರಡೂ ಸೇರಿ 390 ನ್ಯೂಟನ್ ಬಲವನ್ನು ಎದುರಿಸಲು ಬೇಕಾಗುವ ಸಾಮರ್ಥ್ಯ 10 ಕಿಲೋವಾಟಿಗೆ ತುಸು ಕಡಿಮೆ. ಈಗ ರಸ್ತೆಯು 25 ಮೀಟರಿಗೆ 1 ಮೀಟರಿನಂತೆ ಏರತೊಡಗಿತೆನ್ನಿ. ಕಣ್ಣಿಗೆ ಅಷ್ಟಾಗಿ ಕಾಣದ ಈ ಏರು ಮತ್ತೆ 430 ನ್ಯೂಟನ್ನನ್ನು ಕೂಡಿಸುತ್ತದೆ. ವೇಗವು ಕುಗ್ಗಬಾರದಾದರೆ ಇಂಜಿನ್ನು ಈಗ ಮೊದಲಿಗಿಂತ ಎರಡರಷ್ಟು, ಎಂದರೆ 20 ಕಿಲೋವಾಟಿಗೂ ಹೆಚ್ಚು, ಸಾಮರ್ಥ್ಯವನ್ನು ಕೊಡಬೇಕು. ಥ್ರಾಟಲನ್ನು ಒಂದೇ ಕಡೆ ಹಿಡಿದು ಕಟ್ಟಿಬಿಟ್ಟರೆ ವೇಗ ಸ್ಥಿರವಾಗಿರುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ವೇಗವನ್ನು ಅಳೆಯುತ್ತ, ಬೇಕಾದುದಕ್ಕೂ ಇರುವುದಕ್ಕೂ ಹೋಲಿಸುತ್ತ, ಥ್ರಾಟಲನ್ನು ಕ್ಷಣಕ್ಷಣವೂ ತಿದ್ದುತ್ತಿರಬೇಕು.

ಇದು ಹೊಸ ವಿಚಾರವಲ್ಲ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಜೋಡಿಸಿದ, ಎರಡು ಗುಂಡುಗಳು ತಿರುಗುವ ಗವರ್ನರು ಇದೇ ಕೆಲಸವನ್ನು ಮಾಡುತ್ತಿದ್ದಿತು. ಆದರೆ ಅದರಲ್ಲಿ ಒಂದು ಕೊರತೆಯಿತ್ತು. ವೇಗದಲ್ಲಿ ವ್ಯತ್ಯಾಸವಿದ್ದಾಗ ಮಾತ್ರ ಅದು ಕವಾಟವನ್ನು ತಿದ್ದಬಲ್ಲುದು. ಭಾರ ಹೆಚ್ಚಿದಾಗ ಕವಾಟವು ಹೆಚ್ಚು ತೆರೆದಿರಬೇಕಾದರೆ ವೇಗವು ಸ್ವಲ್ಪ ಕಡಿಮೆಯಾಗಿಯೇ ಉಳಿಯಬೇಕಾಗುತ್ತಿತ್ತು. 90 ಕಿ.ಮೀ. ಎಂದು ಗೊತ್ತುಮಾಡಿದ ಕಾರು ಏರಿನಲ್ಲಿ 85ಕ್ಕೆ ಇಳಿದು ಅಲ್ಲಿಯೇ ನಿಂತಂತೆ. ಈ ಕೊರತೆಯನ್ನು ತುಂಬಲು ಈಗಿನ ವೇಗಪಾಲಕಗಳು ವ್ಯತ್ಯಾಸವನ್ನು ಕಾಲದೊಡನೆ ಕೂಡಿಸುತ್ತ ಹೋಗುತ್ತವೆ. ಕಲನಶಾಸ್ತ್ರ ಕಲಿಯುವ ವಿದ್ಯಾರ್ಥಿಗಳಿಗೆ ಇದು ಅನುಕಲನವೆಂದು ಹೊಳೆದಿರಬಹುದು. ವ್ಯತ್ಯಾಸವು ಸೊನ್ನೆಯಾದರೂ ಕೂಡಿಟ್ಟ ಮೊತ್ತವು ಉಳಿದಿದ್ದು ಥ್ರಾಟಲನ್ನು ಬೇಕಾದಷ್ಟು ತೆರೆದಿರಿಸುತ್ತದೆ. ಆದರೆ ತಿದ್ದುವಿಕೆ ಅತಿಯಾದರೆ ವೇಗವು ಮೇಲಕ್ಕೂ ಕೆಳಕ್ಕೂ ತೂಗಾಡತೊಡಗುತ್ತದೆ. ಇಂಥ ತೂಗಾಟ ಯಾವಾಗ ಅಡಗುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರುಗಳನ್ನು ಕುರಿತ ತನ್ನ ಪ್ರಬಂಧದಲ್ಲಿ ಗಣಿತದಿಂದ ತೋರಿಸಿಕೊಟ್ಟನು.

ಇಷ್ಟನ್ನು ಓದಿದ ಜಾಣ ವಿದ್ಯಾರ್ಥಿಗೆ, ತಾನೇ ಒಂದು ವೇಗಪಾಲಕವನ್ನು ಕಟ್ಟಿಬಿಡಬಹುದೆಂದು ತೋರಿದರೆ ಆಶ್ಚರ್ಯವಿಲ್ಲ. ನಮ್ಮಲ್ಲಿಯೇ ಹಾಗಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕಾಗಿ ಮೂವರು ವಿದ್ಯಾರ್ಥಿಗಳು ಹಳೆಯ ಮಾರುತಿ 800 ಕಾರೊಂದಕ್ಕೆ ವೇಗಪಾಲಕವನ್ನು ತಯಾರಿಸಿದರು. ಚಕ್ರದ ಬಳಿ ಒಂದು ಅಯಸ್ಕಾಂತ, ಅದು ಹಾದುಹೋದುದನ್ನು ಎಣಿಸುವ ಸಂವೇದಕ, ಲೆಕ್ಕ ಹಾಕಲು ಒಂದು ಸಣ್ಣ ಗಣಕಫಲಕ, ಥ್ರಾಟಲಿನ ಕೇಬಲನ್ನು ಎಳೆಯಲು ಒಂದು ಗೇರು ಮೋಟಾರು. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಚಕ್ರಗಳನ್ನು ನೆಲದಿಂದೆತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡಿದೆವು. ಬ್ರೇಕನ್ನು ಹಗುರವಾಗಿ ಒತ್ತಿ ಏರಿನ ಭಾರವನ್ನು ತಂದುಕೊಟ್ಟರೂ ಮುಳ್ಳು ಕದಲಲಿಲ್ಲ. "ಒಂದು ಕಿಲೋಮೀಟರೂ ಅತ್ತಿತ್ತ ಆಗುವುದಿಲ್ಲ, ಸಾರ್" ಎಂದು ಹುಡುಗರು ಹಿಗ್ಗಿದರು. ಅವರ ಹಿಗ್ಗು ನ್ಯಾಯವಾದುದೇ.

ಆಗ ನಾವು ಒಂದು ಪ್ರಶ್ನೆ ಕೇಳಿದೆವು: "ಮೋಟಾರಿನ ತಂತಿ ಕಿತ್ತುಹೋದರೆ ಏನಾಗುತ್ತದೆ?" ಉತ್ತರ ಬರಲಿಲ್ಲ. ಬ್ರೇಕಿನ ಮೇಲಿನ ಕಾಲನ್ನು ತೆಗೆಯದೆಯೇ ತಂತಿಯನ್ನು ಕಿತ್ತು ನೋಡಿದೆವು. ಮೋಟಾರಿನ ಒಳಗಿನ ಗೇರು ಮೋಟಾರು ತಿರುಗಿಸಿದರೆ ಮಾತ್ರ ತಿರುಗುವ ಬಗೆಯದು. ಥ್ರಾಟಲಿನ ಸ್ಪ್ರಿಂಗು ಎಷ್ಟು ಎಳೆದರೂ ಅದು ಹಿಂದಕ್ಕೆ ಸರಿಯಲಿಲ್ಲ. ಥ್ರಾಟಲು ತೆರೆದ ಸ್ಥಿತಿಯಲ್ಲಿಯೇ ನಿಂತಿತು. ಕ್ಲಚ್ಚನ್ನು ತುಳಿದೊಡನೆ ಭಾರ ಕಳೆದುಕೊಂಡ ಇಂಜಿನ್ನು ಅಬ್ಬರಿಸತೊಡಗಿತು. ಕೀಲಿಯನ್ನು ತಿರುಗಿಸಿ ಅದನ್ನು ನಿಲ್ಲಿಸಬೇಕಾಯಿತು. ಮೂವರ ಮುಖವೂ ಬಿಳಿಚಿಕೊಂಡಿತ್ತು. ನಮ್ಮ ಎದೆಯೂ ಹೊಡೆದುಕೊಳ್ಳುತ್ತಿತ್ತೆಂದು ಒಪ್ಪಿಕೊಳ್ಳಬೇಕು. ಇದು ಹೆದ್ದಾರಿಯಲ್ಲಿ ಆಗಿದ್ದರೆ ಒಂದು ಸೆಕೆಂಡು ತಬ್ಬಿಬ್ಬಾಗುವಷ್ಟರಲ್ಲಿ ಕಾರು 25 ಮೀಟರು ಮುಂದೆ ಹೋಗಿರುತ್ತಿತ್ತು.

ಬ್ರೇಕು ಇದೆಯಲ್ಲ ಎಂದು ಕೆಲವರು ಹೇಳಬಹುದು. ಇಲ್ಲಿ ಭೌತವಿಜ್ಞಾನದ ಒಂದು ಸೂಕ್ಷ್ಮವಿದೆ. ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಬ್ರೇಕನ್ನು ಹಗುರಗೊಳಿಸುವ ಬೂಸ್ಟರು ಕೆಲಸ ಮಾಡುವುದು ಇಂಜಿನ್ನಿನ ಒಳಹಾದಿಯಲ್ಲಿ ಉಂಟಾಗುವ ನಿರ್ವಾತದ ಬಲದಿಂದ. ಥ್ರಾಟಲು ಮುಚ್ಚಿದಾಗ ಈ ನಿರ್ವಾತ ಹೆಚ್ಚು, ಪೂರ್ತಿ ತೆರೆದಾಗ ಅದು ಬಹುಮಟ್ಟಿಗೆ ಇಲ್ಲವಾಗುತ್ತದೆ. ಥ್ರಾಟಲು ತೆರೆದೇ ಸಿಕ್ಕಿಕೊಂಡಾಗ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವು ಕೆಲವು ಬಾರಿ ಬ್ರೇಕನ್ನು ತುಳಿಯುವಷ್ಟಕ್ಕೆ ಮಾತ್ರ ಸಾಕಾಗುತ್ತದೆ. ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಎಂದರೆ, ಬ್ರೇಕು ಅತ್ಯವಶ್ಯವಾಗಿ ಬೇಕಾದ ಗಳಿಗೆಯಲ್ಲಿಯೇ ಅದರ ಸಹಾಯ ಕುಗ್ಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ವೇಗಪಾಲಕವೊಂದರ ಯೋಗ್ಯತೆಯನ್ನು ಅಳೆಯಬೇಕಾದುದು ಅದು ವೇಗವನ್ನು ಎಷ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ ಎಂಬುದರಿಂದ ಮಾತ್ರವೇ ಅಲ್ಲ, ಬಿಡೆಂದಾಗ ಎಷ್ಟು ಖಂಡಿತವಾಗಿ ಬಿಡುತ್ತದೆ ಎಂಬುದರಿಂದ. ಹಿಡಿಯುವುದನ್ನು ನಮ್ಮ ಹುಡುಗರು ಕೆಲವೇ ವಾರಗಳಲ್ಲಿ ಸಾಧಿಸಿದರು. ಕಾರ್ಖಾನೆಯ ಇಂಜಿನಿಯರುಗಳು ತಲೆ ಕೆಡಿಸಿಕೊಂಡಿರುವುದು ಬಿಡುವುದರ ವಿಷಯದಲ್ಲಿ. ಹಳೆಯ ನಿರ್ವಾತಚಾಲಿತ ವೇಗಪಾಲಕಗಳನ್ನೇ ನೋಡಿ. ಬ್ರೇಕನ್ನು ಮುಟ್ಟಿದರೆ ಒಂದು ವಿದ್ಯುತ್ ಸ್ವಿಚ್ಚು ಸಾಧನವನ್ನು ಆರಿಸುತ್ತಿತ್ತು. ಅದು ಕೆಟ್ಟಿದ್ದರೂ ಪೆಡಲಿನ ಬಳಿಯ ಒಂದು ಕವಾಟವು ತೆರೆದು ಹೊರಗಾಳಿಯನ್ನು ಒಳಬಿಟ್ಟು ಥ್ರಾಟಲನ್ನು ಎಳೆಯುವ ಬಲವನ್ನೇ ಇಲ್ಲವಾಗಿಸುತ್ತಿತ್ತು. ಈಗಿನ ಕಾರುಗಳ ಬ್ರೇಕ್ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಎರಡು ಸಂಪರ್ಕಗಳಿರುತ್ತವೆ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಗಣಕವು ವೇಗಪಾಲಕವನ್ನು ನಡೆಸಲೊಪ್ಪುವುದಿಲ್ಲ. ಕ್ಲಚ್ಚಿಗೂ ಒಂದು ಸ್ವಿಚ್ಚು ಉಂಟು. ವೇಗವು ಒಂದು ಮಿತಿಗಿಂತ ಕೆಳಗಿಳಿದರೆ ಸಾಧನ ತಾನಾಗಿಯೇ ಬಿಟ್ಟುಕೊಡುತ್ತದೆ.

ಈ ಹಿನ್ನೆಲೆಯಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಮರಳೋಣ. ಇಂದಿನ ಬಹುತೇಕ ಕಾರುಗಳಲ್ಲಿ ಪೆಡಲಿಗೂ ಥ್ರಾಟಲಿಗೂ ನಡುವೆ ಕೇಬಲಿಲ್ಲ. ಪೆಡಲಿನ ಸಂವೇದಕಗಳು ಇಂಜಿನ್ನಿನ ಗಣಕಕ್ಕೆ ಸುದ್ದಿ ಕೊಡುತ್ತವೆ, ಗಣಕವು ಮೋಟಾರಿನಿಂದ ಥ್ರಾಟಲನ್ನು ತೆರೆಯುತ್ತದೆ. ವೇಗದ ಮಾಹಿತಿಯೂ ಬ್ರೇಕಿನ ಮಾಹಿತಿಯೂ ಅಲ್ಲಿಗೆ ಮೊದಲೇ ಬರುತ್ತಿವೆ. ಆದ್ದರಿಂದ ಎಷ್ಟೋ ಮಾದರಿಗಳಲ್ಲಿ ವೇಗಪಾಲಕದ ಕ್ರಮವಿಧಿಯು ಕಡಿಮೆ ಬೆಲೆಯ ಕಾರಿನ ಗಣಕದಲ್ಲಿಯೂ ಮಲಗಿಯೇ ಇರುತ್ತದೆ. ಇಲ್ಲದಿರುವುದು ಗುಂಡಿಗಳು ಮಾತ್ರ. 2003ರಲ್ಲಿ ಬಂದ ಐದನೆಯ ಪೀಳಿಗೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಇದಕ್ಕೆ ಒಳ್ಳೆಯ ಉದಾಹರಣೆ. ಇಂಡಿಕೇಟರಿನ ಹಿಡಿಯನ್ನು ತೆಗೆದು, ಕಾರ್ಖಾನೆಯೇ ತಯಾರಿಸಿದ, ವೇಗಪಾಲಕದ ಗುಂಡಿಗಳುಳ್ಳ ಹಿಡಿಯನ್ನು ಕೂರಿಸಿ, ಕೆಲವದರಲ್ಲಿ ಒಂದು ತಂತಿಯನ್ನು ಎಳೆದು, ಸ್ಕ್ಯಾನರಿನಿಂದ ಗಣಕಕ್ಕೆ ಅಪ್ಪಣೆ ಕೊಟ್ಟರೆ ಮಲಗಿದ್ದುದು ಎಚ್ಚರಗೊಳ್ಳುತ್ತದೆ. ಹೀಗೆ ಮಾಡಿದಾಗ ನಾವು ಹೊಸ ಯಂತ್ರವನ್ನು ಕಟ್ಟುತ್ತಿಲ್ಲ, ಕಾರ್ಖಾನೆಯು ಪರೀಕ್ಷಿಸಿದ ಬಿಡುವ ಏರ್ಪಾಡುಗಳ ಸಮೇತ ಇರುವುದನ್ನೇ ಬಳಕೆಗೆ ತರುತ್ತಿದ್ದೇವೆ. ನಮ್ಮ ಕಟ್ಟುಪಾಡು ಇದೇ: ಕಾರ್ಖಾನೆಯು ಅದೇ ಮಾದರಿಗೆಂದು ಮಾಡಿದ ಭಾಗಗಳಾದರೆ ಜೋಡಿಸಬಹುದು, ಬೇರೆ ಯಾವುದೂ ರಸ್ತೆಗಿಳಿಯಕೂಡದು.

ಇಷ್ಟಾದರೂ ಎಚ್ಚರ ಬೇಕಾದ ಸ್ಥಳವೊಂದುಂಟು. ಗುಂಡಿಗಳನ್ನು ಕೂರಿಸಲು ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ನಡುವಿನ ಏರ್‌ಬ್ಯಾಗನ್ನು ಬಿಚ್ಚಬೇಕಾಗುತ್ತದೆ. ಅದರೊಳಗಿರುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಚೀಲವನ್ನು ಉಬ್ಬಿಸಬಲ್ಲ ಸ್ಫೋಟಕ ದ್ರವ್ಯ. ಬ್ಯಾಟರಿಯ ಋಣಾಗ್ರವನ್ನು ಬಿಚ್ಚಿ, ತಯಾರಕರು ಹೇಳಿದಷ್ಟು ಹೊತ್ತು ಕಾಯದೆ ಅದಕ್ಕೆ ಕೈಹಾಕಬಾರದು. ಅದರ ಹಿಂದಿರುವ ಕ್ಲಾಕ್‌ಸ್ಪ್ರಿಂಗೆಂಬ ಸುರುಳಿತಂತಿಯನ್ನು ನಡುಸ್ಥಾನದಿಂದ ಕದಲಿಸಿದರೆ ಮುಂದೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಅದು ಹರಿದುಹೋಗಬಹುದು. ಈ ಭಾಗದ ಕೆಲಸವನ್ನು ಅನುಭವವುಳ್ಳ ಮೆಕ್ಯಾನಿಕರ ಕೈಗೆ ಒಪ್ಪಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯುವುದರಲ್ಲಿ ಅವಮಾನವೇನೂ ಇಲ್ಲ. ವಾರಂಟಿಯ ಮತ್ತು ವಿಮೆಯ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಜೋಡಣೆ ಮುಗಿದ ಮೇಲೆ ಮೊದಲು ಪರೀಕ್ಷಿಸಬೇಕಾದುದು ಬಿಡುವಿಕೆಯನ್ನು. ಹಗಲು ಹೊತ್ತಿನಲ್ಲಿ, ಒಣಗಿದ ನೇರವಾದ ಖಾಲಿ ರಸ್ತೆಯಲ್ಲಿ, ಚಾಲನೆಯಲ್ಲಿ ನುರಿತ ಹಿರಿಯರೊಬ್ಬರು ಸ್ಟಿಯರಿಂಗ್ ಹಿಡಿದಿರಲಿ. ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ವೇಗವನ್ನು ಗೊತ್ತುಮಾಡಿ ಬ್ರೇಕನ್ನು ಬೆರಳ ತುದಿಯಿಂದ ಮುಟ್ಟಿದಷ್ಟೇ ಹಗುರವಾಗಿ ಮುಟ್ಟಬೇಕು. ಆಮೇಲೆ ಕ್ಲಚ್ಚು, ಆಮೇಲೆ ರದ್ದುಗುಂಡಿ, ಕಡೆಗೆ ಮುಖ್ಯ ಸ್ವಿಚ್ಚು. ಒಂದೊಂದನ್ನೂ ಹತ್ತು ಸಲ. ಹತ್ತರಲ್ಲಿ ಒಂದು ಸಲ ತಡವಾದರೂ ಆ ಸಾಧನವನ್ನು ಬಳಸಕೂಡದು. ಹತ್ತಕ್ಕೆ ಹತ್ತು ಸರಿಬಂದರೂ ಮಳೆಯಲ್ಲಿ, ಘಟ್ಟದ ತಿರುವುಗಳಲ್ಲಿ, ವಾಹನಸಂದಣಿಯಲ್ಲಿ ಅದಕ್ಕೆ ವಿರಾಮ ಕೊಡತಕ್ಕದ್ದು.

ಇಷ್ಟೊಂದು ತೊಂದರೆಯೇಕೆ, ಎಲ್ಲವನ್ನೂ ಕಂಪನಿಗೇ ಬಿಟ್ಟುಬಿಡಬಾರದೆ ಎಂಬ ವಾದವೂ ಉಂಟು. ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ಗವರ್ನರಿನ ಚಿತ್ರವನ್ನು ಪರೀಕ್ಷೆಗಾಗಿ ಬರೆದು ಮರೆಯುವ ವಿದ್ಯಾರ್ಥಿಗಿಂತ, ಅದರ ಸಂತತಿಯೊಂದನ್ನು ಕೈಯಾರೆ ಮುಟ್ಟಿನೋಡಿದ ವಿದ್ಯಾರ್ಥಿ ಹೆಚ್ಚು ಕಲಿತಿರುತ್ತಾನೆ. ನಮ್ಮ ಮೂವರು ಹುಡುಗರು ಆ ದಿನದ ತರುವಾಯ ಎರಡು ತಿಂಗಳು ದುಡಿದು ಮೋಟಾರಿಗೂ ಕೇಬಲಿಗೂ ನಡುವೆ ಒಂದು ವಿದ್ಯುದಯಸ್ಕಾಂತವನ್ನು ಇಟ್ಟರು. ವಿದ್ಯುತ್ತು ಹರಿಯುವವರೆಗೆ ಮಾತ್ರ ಅದು ಕೇಬಲನ್ನು ಹಿಡಿದಿರುತ್ತದೆ. ಬ್ರೇಕಿನ ಸ್ವಿಚ್ಚನ್ನು ಅದೇ ಮಂಡಲದಲ್ಲಿ ಸರಣಿಯಾಗಿ ಜೋಡಿಸಿದ್ದರಿಂದ, ಬ್ರೇಕು ತುಳಿದರೂ ತಂತಿ ಹರಿದರೂ ಗಣಕ ಕೆಟ್ಟರೂ ಸ್ಪ್ರಿಂಗು ಥ್ರಾಟಲನ್ನು ಮುಚ್ಚಿಬಿಡುತ್ತದೆ. ಪ್ರದರ್ಶನದಲ್ಲಿ ಅವರು ಮೊದಲು ತೋರಿಸಿದ್ದು ಇದನ್ನೇ.

ಆದರೂ ಆ ಕಾರನ್ನು ನಾವು ರಸ್ತೆಗೆ ಬಿಡಲಿಲ್ಲ. ಎಂಜಿನ್ನಿನ ಕಾವು, ಮಳೆಗಾಲದ ತೇವ, ವರ್ಷಗಟ್ಟಲೆಯ ಅದುರು, ಇವನ್ನೆಲ್ಲ ಆ ಅಯಸ್ಕಾಂತವು ತಾಳಿಕೊಳ್ಳುವುದೆಂದು ಸಿದ್ಧಪಡಿಸುವ ಸಾಧನ ನಮ್ಮ ಪ್ರಯೋಗಶಾಲೆಯಲ್ಲಿರಲಿಲ್ಲ. ಹುಡುಗರಿಗೆ ಬೇಸರವಾಯಿತು, ಆದರೆ ವಾದಿಸಲಿಲ್ಲ. ತಂತಿ ಕಿತ್ತ ದಿನ ಅವರೂ ಅಲ್ಲಿಯೇ ನಿಂತಿದ್ದರಷ್ಟೆ.